ತಡಿಯಂಡಮೋಳಿನ ಹಿಮ ಬಿಡಿ, ಗದ್ದೆಯ ಹುಲ್ಲಿನ ಮೇಲೆ ಫ್ರಾಸ್ಟ್ ಆದರೂ ಸಿಗುತ್ತಾ?

ಮಳೆಲೆಕ್ಕ (ನಾಪೋಕ್ಲು)

ಜನವರಿ ಅರ್ಧ ಮುಗೀತು, ಚಳಿಯೇ ಇಲ್ಲ. ಬೆಳಗಿನ ಕನಿಷ್ಠ ಉಷ್ಣಾಂಶ 15ರಿಂದ 16 ಡಿಗ್ರಿಯಲ್ಲೇ ನಿಂತಿದೆ. ಅತ್ತ ಊಟಿ, ಮುನ್ನಾರ್ ಕಡೆಯಿಂದ ಹುಲ್ಲು ಬೆಳ್ಳಗಾದ ಫೋಟೊಗಳು ಪ್ರತಿ ವರ್ಷದ ಹಾಗೆ ಬರ್ತಾ ಇವೆ. ಮೂರು ಪ್ರಶ್ನೆ:

ಒಂದು, ನಮ್ಮ ಕೊಡಗಿನ ತಡಿಯಂಡಮೋಳು ಅಥವಾ ಪುಷ್ಪಗಿರಿ ಬೆಟ್ಟದ ತುದಿಯಲ್ಲಿ ಹಿಮ ಬೀಳೋ ಸಾಧ್ಯತೆ ಸೊನ್ನೆಯೋ, ಅಥವಾ ಸೊನ್ನೆಗೆ ಹತ್ತಿರವೋ? ಎರಡು, ಹಿಮ ಇಲ್ಲದಿದ್ದರೆ ಫ್ರಾಸ್ಟ್ (ಹುಲ್ಲಿನ ಮೇಲೆ ಕಟ್ಟೋ ತೆಳು ಐಸ್ ಪುಡಿ) ನೋಡೋಕೆ ಕೊಡಗಿನಲ್ಲಿ ಎಂಥ ಜಾಗ ಹುಡುಕಬೇಕು? ಮೂರು, ಅಳೆಯೋದು ಹೇಗೆ? ಈಗಿರೋದು ಒಂದು ಡಿಜಿಟಲ್ ಮಾಪಕ. ಅದರ ಸೆನ್ಸರ್ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ, ತಗಡಿನ ಶೀಟಿನ ಕೆಳಗೆ, ಎಂಟು ಅಡಿ ಎತ್ತರದಲ್ಲಿದೆ.

ಹುಲ್ಲುಮಟ್ಟ (ಸೋಮವಾರಪೇಟೆ)

ಮೊದಲನೆಯದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ನಮ್ಮ ಅಕ್ಷಾಂಶದಲ್ಲಿ ಚಳಿಗಾಲದಲ್ಲೂ ಸೊನ್ನೆ ಡಿಗ್ರಿಯ ಮಟ್ಟ ಸಮುದ್ರಮಟ್ಟದಿಂದ ಸುಮಾರು 4.5ರಿಂದ 5 ಕಿಲೋಮೀಟರ್ ಮೇಲಿರುತ್ತದೆ. ತಡಿಯಂಡಮೋಳು 1,748 ಮೀಟರ್, ಪುಷ್ಪಗಿರಿ 1,712. ಅಂದರೆ ನಮ್ಮ ಅತಿ ಎತ್ತರದ ತುದಿಯಿಂದಲೂ ಇನ್ನೂ ಸುಮಾರು ಮೂರು ಕಿಲೋಮೀಟರ್ ಮೇಲೆ. ಹಿಮದ ಹಳಕು ಆ ಮಟ್ಟ ದಾಟಿ ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲಿ ಕರಗಿ ನೀರಾಗುತ್ತದೆ. ಏಪ್ರಿಲ್‌ನ ಗುಡುಗು ಮಳೆಯ ದಪ್ಪ ಹನಿಗಳಲ್ಲಿ ಹೆಚ್ಚಿನವು ಮೇಲೆ ಮಂಜುಗಡ್ಡೆಯಾಗಿಯೇ ಇದ್ದವು, ನಮಗೆ ತಲುಪುವಾಗ ನೀರು, ಅಷ್ಟೇ. ಚಳಿಗಾಲ ಎಷ್ಟೇ ಕಟುವಾದರೂ ಈ ಲೆಕ್ಕ ಬದಲಾಗುವುದಿಲ್ಲ. ಹಿಮದ ಆಸೆ ಬಿಟ್ಟುಬಿಡಿ.

ಇಲ್ಲಿ ಭಾಷೆಯದ್ದೂ ಒಂದು ತಕರಾರಿದೆ. ನಾವು ‘ಮಂಜು’ ಎಂಬ ಒಂದೇ ಪದವನ್ನು ಮಡಿಕೇರಿಯ ಮುಸುಕಿಗೂ (ಫಾಗ್) ಕಾಶ್ಮೀರದ ಹಿಮಕ್ಕೂ ಕೆಲವೊಮ್ಮೆ ಇಬ್ಬನಿಗೂ ಬಳಸುತ್ತೇವೆ. ‘ರಾಜಾಸೀಟಲ್ಲಿ ಮಂಜು ಬಿತ್ತು’ ಅಂತ ಯಾರೋ ಹಾಕಿದ್ದು ನಾಲ್ಕು ಕಡೆ ಸುತ್ತಿ ಬರುವಾಗ ಹಿಮವಾಗಿರುತ್ತದೆ. ದಾಖಲೆ ಪುಸ್ತಕದಲ್ಲಿ ನಾಲ್ಕನ್ನೂ ಬೇರೆಬೇರೆ ಬರೆಯಿರಿ: ಮುಸುಕು, ಇಬ್ಬನಿ, ಫ್ರಾಸ್ಟ್, ಆಲಿಕಲ್ಲು.

ಎರಡನೆಯ ಪ್ರಶ್ನೆಯಲ್ಲೇ ಸ್ವಾರಸ್ಯ ಇರುವುದು. ಫ್ರಾಸ್ಟ್ ಹುಡುಕಿಕೊಂಡು ಬೆಟ್ಟ ಹತ್ತುವವರು ತಪ್ಪು ದಿಕ್ಕಿಗೆ ಹೋಗುತ್ತಾರೆ. ಹಗಲಿನಲ್ಲಿ ಎತ್ತರಕ್ಕೆ ಹೋದಂತೆ ತಂಪು, ಸರಿ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಇದು ತಲೆಕೆಳಗಾಗುತ್ತದೆ. ಮೋಡವಿಲ್ಲದ, ಒಣ ಆಕಾಶದ ಕೆಳಗೆ ಒಂದು ಚದರ ಮೀಟರ್ ನೆಲ ಸುಮಾರು 60ರಿಂದ 100 ವ್ಯಾಟ್‌ನಷ್ಟು ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತಿರುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ, ತೋಟದ ಇಳಿಜಾರಿನಲ್ಲಿ ನೀರಿನಂತೆಯೇ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ತುದಿಯಲ್ಲಿ ಗಾಳಿ ಬೀಸಿ ಎಲ್ಲವನ್ನೂ ಕಲಸುತ್ತಿರುತ್ತದೆ.

ಕೊಡಗಿನಲ್ಲಿ ಈ ತಗ್ಗು ಎಂದರೆ ಗದ್ದೆ. ಕೊಯ್ಲಾದ, ಮೇಲೆ ಮರದ ನೆರಳಿಲ್ಲದ, ಮೂರು ಕಡೆ ತೋಟದ ಇಳಿಜಾರಿರುವ, ಕೆಳ ತುದಿಯಲ್ಲಿ ರಸ್ತೆಯ ಏರಿಯೋ ದಟ್ಟ ಬಿದಿರು ಹಿಂಡಿಲೋ ಅಡ್ಡ ಬಂದು ತಣ್ಣನೆ ಗಾಳಿಯನ್ನು ತಡೆಯುವ ಗದ್ದೆ. ಸಿಲ್ವರ್ ಓಕ್ ಕೆಳಗಿನ ಕಾಫಿ ತೋಟ ಇದಕ್ಕೆ ಪ್ರಯೋಜನವಿಲ್ಲ. ಎಲೆಗಳ ಚಪ್ಪರ ನೆಲಕ್ಕೂ ಆಕಾಶಕ್ಕೂ ನಡುವೆ ಬಂದು ಶಾಖವನ್ನು ಹಿಂದಕ್ಕೆ ಕೊಡುತ್ತದೆ.

ಜಾಗ ಸರಿಯೋ ಎಂದು ನೋಡಲು ಸೂರ್ಯ ಮುಳುಗಿ ಒಂದು ಗಂಟೆ ಆದ ಮೇಲೆ ಇಳಿಜಾರಿನ ಬುಡದಲ್ಲಿ ಒಂದು ಊದುಬತ್ತಿ ಹಚ್ಚಿ, ಮೊಣಕಾಲಿನ ಎತ್ತರದಲ್ಲಿ ಹಿಡಿಯಿರಿ. ಹೊಗೆ ನೇರ ಮೇಲೆ ಹೋಗದೆ ಒಂದೆರಡು ಅಡಿ ಎದ್ದು, ಬಾಗಿ, ಗದ್ದೆಯ ಮಧ್ಯಕ್ಕೆ ಚಪ್ಪಟೆಯಾಗಿ ಹರಿದರೆ ತಣ್ಣನೆ ಗಾಳಿ ಇಳಿಯುತ್ತಿದೆ ಎಂದರ್ಥ. ಸುಳಿ ಸುಳಿಯಾಗಿ ಚದುರಿದರೆ ಆ ರಾತ್ರಿ ಬಿಟ್ಟುಬಿಡಿ.

ಇನ್ನು ಈ ಸಲ ಯಾಕೆ ಬೆಚ್ಚಗಿದೆ ಎಂಬುದು. ರಾತ್ರಿ ಎಷ್ಟು ತಣ್ಣಗಾಗುತ್ತದೆ ಎಂದು ತೀರ್ಮಾನಿಸುವುದು ಗಾಳಿಯಲ್ಲಿನ ತೇವ. ಬಂಗಾಳ ಕೊಲ್ಲಿಯ ಕಡೆಯಿಂದ ಮೂಡಣ ಗಾಳಿ ತೇವ ಹೊತ್ತು ತರುತ್ತಿದ್ದರೆ ಸಂಜೆಯ ಇಬ್ಬನಿ ಬಿಂದು, ಅಂದರೆ ಇಬ್ಬನಿ ಕಟ್ಟಲು ಶುರುವಾಗುವ ಉಷ್ಣಾಂಶ, ಮೇಲೇ ಇರುತ್ತದೆ. ಸಂಜೆ 6ಕ್ಕೆ 20 ಡಿಗ್ರಿ, ಆರ್ದ್ರತೆ ಶೇ 70 ಇದ್ದರೆ ಇಬ್ಬನಿ ಬಿಂದು 14.4. ಅಲ್ಲಿಗೆ ಇಳಿದ ಕೂಡಲೇ ಇಬ್ಬನಿ ಕಟ್ಟಿ, ಕಟ್ಟುವಾಗ ಶಾಖ ಬಿಟ್ಟು, ಇಳಿತಕ್ಕೆ ಬ್ರೇಕ್ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮುಸುಕು ಬಂದರೆ ಇಳಿತ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಅದೇ 20 ಡಿಗ್ರಿಗೆ ಆರ್ದ್ರತೆ ಶೇ 40 ಇದ್ದರೆ ಇಬ್ಬನಿ ಬಿಂದು 6. ಆಗ ರಾತ್ರಿಗೆ ಇಳಿಯಲು ಜಾಗವಿದೆ. ಮೋಡ ಕವಿದ ದಿನ ಹಗಲೆಲ್ಲ ಸ್ವೆಟರ್ ಹಾಕಿಕೊಂಡು ‘ಏನ್ ಚಳಿ’ ಎನ್ನುತ್ತೇವಲ್ಲ, ಅಂಥ ದಿನದ ರಾತ್ರಿಯೇ ಕನಿಷ್ಠ ಉಷ್ಣಾಂಶ ಕೆಳಗಿಳಿಯದೆ ಸತಾಯಿಸುವುದು.

ಆದ್ದರಿಂದ ಕಾಯಬೇಕಾದದ್ದು ಉತ್ತರದ ಒಣಗಾಳಿ ಎರಡು ಮೂರು ದಿನ ಬೀಸಿ, ಆಮೇಲೆ ಸಂಜೆ ಗಾಳಿ ಪೂರ್ತಿ ಬಿದ್ದುಹೋಗುವ ರಾತ್ರಿಗೆ. ಹಾಗಿದ್ದರೂ ಒಂದು ಮಾತು: ನಾಲ್ಕಡಿ ಎತ್ತರದ ಉಷ್ಣಾಂಶಕ್ಕಿಂತ ಹುಲ್ಲಿನ ತುದಿಯದ್ದು ತಿಳಿ ರಾತ್ರಿಯಲ್ಲಿ ಸಾಮಾನ್ಯವಾಗಿ 3ರಿಂದ 5 ಡಿಗ್ರಿ ಕಡಿಮೆ. ಫ್ರಾಸ್ಟ್ ಬೇಕಾದರೆ ನಾಲ್ಕಡಿಯ ಮಾಪಕ 4ರ ಹತ್ತಿರ ಬರಬೇಕು. ಊಟಿ 2,240 ಮೀಟರ್‌ನಲ್ಲಿದೆ, ಅದಕ್ಕೆ ಆ ಅನುಕೂಲ ಇದೆ. 15ರಲ್ಲಿ ನಿಂತ ನಾಪೋಕ್ಲಿಗೆ ಇನ್ನೂ ಹನ್ನೊಂದು ಡಿಗ್ರಿ ಬಾಕಿ.

ತಂತಿಜೋಡಕ (ಕುಶಾಲನಗರ)

ಆ 15 ಮೊದಲು ನಿಜವೋ ನೋಡಿ. ಕಾಂಕ್ರೀಟ್ ಕಣ ಹಗಲಿಡೀ ಬಿಸಿಲು ಕುಡಿದು ರಾತ್ರಿ ಬಿಡುತ್ತಿರುತ್ತದೆ. ಮೇಲಿನ ಶೀಟು ಸೆನ್ಸರಿಗೆ ಆಕಾಶ ಕಾಣದಂತೆ ಮಾಡುತ್ತದೆ. ಜೊತೆಗೆ ಎಂಟು ಅಡಿ ಎತ್ತರ. ಮೂರೂ ಸೇರಿದರೆ ಎರಡು ಡಿಗ್ರಿ ಹೆಚ್ಚು ತೋರಿಸಿದರೂ ಆಶ್ಚರ್ಯವಿಲ್ಲ. ಎರಡು ಸೆನ್ಸರ್ ಇಡಿ: ಒಂದು ನೆರಳಗೂಡಿನಲ್ಲಿ (ಬಿಸಿಲು ತಾಗದ, ಗಾಳಿ ಆಡುವ ಗೂಡು) ನಾಲ್ಕಡಿಗೆ, ಇನ್ನೊಂದು ಹುಲ್ಲಿನ ಮೇಲೆ.

ನೆರಳಗೂಡಿಗೆ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ಏಳೆಂಟು, ಮಗುಚಿ ಹಾಕಿ. ಮಧ್ಯದ ತಟ್ಟೆಗಳಿಗೆ ಅಂಗೈ ಅಗಲದ ತೂತು. ಮೇಲಿನ ಎರಡಕ್ಕೆ ತೂತು ಬೇಡ. ಮೂರು ಥ್ರೆಡ್ ರಾಡ್‌ನಲ್ಲಿ ಪೋಣಿಸಿ, ನಡುವೆ 2 ಸೆಂಟಿಮೀಟರ್ ಪೈಪ್ ತುಂಡು. ಕಂಬ ಹುಲ್ಲಿನ ಮೇಲೆ, ಗೋಡೆಯಿಂದ ಕನಿಷ್ಠ ಮನೆಯ ಎತ್ತರದ ಎರಡು ಪಟ್ಟು ದೂರ.

ಸೆನ್ಸರ್‌ಗೆ ನೀರು ಹೋಗದ ಸ್ಟೀಲ್ ತುದಿಯ ಡಿಎಸ್18ಬಿ20 ಸಾಕು. ಕಂಪನಿ ಹೇಳುವ ನಿಖರತೆ ±0.5 ಡಿಗ್ರಿ. ಡೇಟಾ ತಂತಿಗೂ ಪವರ್ ತಂತಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಮರೆಯಬೇಡಿ. ರೀಡಿಂಗ್ -127 ಬಂದರೆ ತಂತಿ ಬಿಟ್ಟಿದೆ. 85 ಬಂದರೆ ಸೆನ್ಸರ್ ಅಳೆದು ಮುಗಿಸುವ ಮೊದಲೇ ಓದಿದ್ದೀರಿ, 750 ಮಿಲಿಸೆಕೆಂಡ್ ಕಾಯಿಸಿ. ಈ ಎರಡನ್ನೂ ಸೆನ್ಸರ್ ಓದುವ ಕೋಡ್‌ನಲ್ಲೇ ಎಸೆಯದಿದ್ದರೆ ತಿಂಗಳ ಸರಾಸರಿ ಕೆಟ್ಟುಹೋಗುತ್ತದೆ.

ಹುಲ್ಲಿನ ಸೆನ್ಸರ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಹೊಳೆಯುವ ಸ್ಟೀಲ್ ತನ್ನ ಶಾಖವನ್ನು ಹುಲ್ಲಿನಷ್ಟು ಚೆನ್ನಾಗಿ ಸೂಸುವುದಿಲ್ಲ, ಹುಲ್ಲಿಗಿಂತ ಬೆಚ್ಚಗೇ ಉಳಿಯುತ್ತದೆ. ತುದಿಗೆ ಇನ್ಸುಲೇಷನ್ ಟೇಪ್ ಒಂದೇ ಒಂದು ಸುತ್ತು ಬಿಗಿಯಾಗಿ ಸುತ್ತಿ. ಎರಡು ಸಣ್ಣ ಕವಲುಕಡ್ಡಿ ನೆಟ್ಟು, ಕತ್ತರಿಸಿದ ಹುಲ್ಲಿನ ತುದಿಗೆ ತಾಗುವಂತೆ ನೆಲದಿಂದ 3ರಿಂದ 5 ಸೆಂಟಿಮೀಟರ್ ಮೇಲೆ ಅಡ್ಡ ಮಲಗಿಸಿ. ಮೇಲೆ ಯಾವ ಮುಚ್ಚಳವೂ ಬೇಡ. ತಂತಿಯನ್ನು ಪಿವಿಸಿ ಪೈಪಿನೊಳಗೆ ಹಾಕಿ, ಇಲ್ಲದಿದ್ದರೆ ಇಲಿ ಕಡಿಯುತ್ತದೆ. ಕಾಡುಹಂದಿ ಬರುವ ಗದ್ದೆಯಾದರೆ ಪೈಪನ್ನೂ ಬಿಡುವುದಿಲ್ಲ. ಸಂಜೆ ಇಟ್ಟು ಬೆಳಿಗ್ಗೆ ತೆಗೆಯುವುದೇ ವಾಸಿ.

ಸೊನ್ನೆ ಪರೀಕ್ಷೆ ಮಾಡದೆ ಫ್ರಾಸ್ಟ್ ಮಾತು ಆಡಬೇಡಿ. ಫ್ಲಾಸ್ಕ್ ತುಂಬ ಪುಡಿ ಮಾಡಿದ ಐಸ್ ಒತ್ತಿ ತುಂಬಿ, ಸಂದುಗಳಿಗೆ ಮಾತ್ರ ನೀರು ಹಾಕಿ. ಐಸ್ ತೇಲುವಷ್ಟು ನೀರಿದ್ದರೆ ತಳದಲ್ಲಿ 4 ಡಿಗ್ರಿಯ ನೀರು ಕೂತು ಮೋಸ ಮಾಡುತ್ತದೆ. ತುದಿ ತಳಕ್ಕೆ ತಾಗದಂತೆ ಮಧ್ಯದಲ್ಲಿಟ್ಟು, ಆಗಾಗ ಕಲಕುತ್ತಾ 15 ನಿಮಿಷ ಬಿಟ್ಟು ಓದಿ. 0.4 ತೋರಿಸಿದರೆ ಮುಂದಿನ ಎಲ್ಲ ರೀಡಿಂಗ್‌ನಿಂದ 0.4 ಕಳೆಯಿರಿ.

ಆರ್ದ್ರತೆಗೆ ಡಿಎಚ್‌ಟಿ22 ಸೆನ್ಸರ್ ಬೇಡ. ನಮ್ಮ ಮುಸುಕಿನಲ್ಲಿ ನೆನೆದು ಕೆಲವು ವಾರಕ್ಕೇ 99.9ಕ್ಕೆ ಅಂಟಿಕೊಳ್ಳುತ್ತದೆ. ಫಿಲ್ಟರ್ ಮುಚ್ಚಳ ಇರುವ ಎಸ್‌ಎಚ್‌ಟಿ31 ತಗೊಳ್ಳಿ.

ಮಳೆಲೆಕ್ಕ (ನಾಪೋಕ್ಲು)

ಸೆನ್ಸರ್ ಗದ್ದೆಗೆ ಇಳಿಸಿದ್ದಾಯ್ತು, ಐಸ್ ಪರೀಕ್ಷೆಯೂ ಆಯ್ತು (0.3 ಹೆಚ್ಚು ತೋರಿಸ್ತು, ಕಳೆದಿದ್ದೇನೆ). ಇವತ್ತು ನಾಲ್ಕಡಿಗೆ 12.8, ಹುಲ್ಲಿಗೆ 9.6. ಆದರೆ ಬೆಳಿಗ್ಗೆ ಏಳಕ್ಕೆ ಕೂಳೆ ಮೇಲೆಲ್ಲ ಬೆಳ್ಳಗೆ ಹಾಸಿದ ಹಾಗಿತ್ತು. 9.6ರಲ್ಲಿ ಫ್ರಾಸ್ಟ್ ಸಾಧ್ಯವೇ ಇಲ್ಲ ಅಲ್ವಾ? ಇನ್ನೊಂದು: ಗದ್ದೆಯಲ್ಲಿ ಒಂದು ಬದಿ ಈಗಲೂ ಒಸರು ನೀರಿದೆ.

ಹುಲ್ಲುಮಟ್ಟ (ಸೋಮವಾರಪೇಟೆ)

ಸಾಧ್ಯವಿಲ್ಲ. ಅದು ಜೇಡರ ಬಲೆ. ಕೂಳೆಯ ಮೇಲೆ ಹಾಸಿದ ನೂಲಿನ ತುಂಬ ಇಬ್ಬನಿ ಮಣಿ ಕಟ್ಟಿ, ಓರೆ ಬಿಸಿಲಿಗೆ ಬಿಳಿ ಚಾದರದಂತೆ ಕಾಣುತ್ತದೆ. ಬೆರಳಿನಿಂದ ಸವರಿ: ಒದ್ದೆಯಾಗಿ ಮಾಯವಾದರೆ ಇಬ್ಬನಿ, ಪುಡಿಪುಡಿಯಾಗಿ ಉದುರಿದರೆ ಫ್ರಾಸ್ಟ್. ನಡುವೆ ಮೂರನೆಯದೂ ಒಂದಿದೆ, ಮೊದಲು ಇಬ್ಬನಿಯಾಗಿ ಕಟ್ಟಿ ಆಮೇಲೆ ಗಟ್ಟಿಯಾದದ್ದು. ಅದು ಗಾಜಿನ ಮಣಿಯಂತೆ ಇರುತ್ತದೆ.

ಒಸರು ಇರುವ ಬದಿ ಬಿಡಿ. ತೇವದ ಮಣ್ಣು ಕೆಳಗಿನಿಂದ ಶಾಖ ತಂದುಕೊಡುತ್ತಲೇ ಇರುತ್ತದೆ. ಒಣಗಿದ ಬದಿಯಲ್ಲಿ ಒಂದು ಚದರ ಮೀಟರ್‌ಗೆ ಗೇಣುದ್ದ ಒಣ ಬೈಹುಲ್ಲು ಹರಡಿ, ಅದರ ಮೇಲೆ ಸೆನ್ಸರ್ ಇಟ್ಟು ನೋಡಿ. ಹುಲ್ಲು ನೆಲದ ಶಾಖವನ್ನು ಕತ್ತರಿಸುವುದರಿಂದ ಬರಿಯ ಕೂಳೆಗಿಂತ ತಣ್ಣಗೆ ತೋರಿಸಬೇಕು. ಆದರೆ ಇದನ್ನು ‘ಹುಲ್ಲಿನ ಕನಿಷ್ಠ’ದ ಕಾಲಂನಲ್ಲಿ ಬರೆಯಬೇಡಿ, ಪ್ರಯೋಗ ಎಂದು ಬೇರೆ ಬರೆಯಿರಿ.

ಇದು ಹಳೆಯ ವಿದ್ಯೆ. ಫ್ರಿಜ್ ಬರುವ ಮೊದಲು ಉತ್ತರ ಭಾರತದಲ್ಲಿ ಐಸ್ ಮಾಡುತ್ತಿದ್ದದ್ದೇ ಹೀಗೆ. ಅಲಹಾಬಾದ್ ಕಡೆ ನಡೆಯುತ್ತಿದ್ದುದನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲಿ ಬರೆದಿಟ್ಟಿದ್ದಾನೆ: ಎರಡಡಿ ಆಳದ ಅಗಲವಾದ ಗುಂಡಿ, ತಳಕ್ಕೆ ಒಂದಡಿಯವರೆಗೆ ಕಬ್ಬಿನ ಅಥವಾ ಜೋಳದ ಒಣ ದಂಟು, ಮೇಲೆ ಸಾಲಾಗಿ ಮೆರುಗು ಹಾಕದ ಮಣ್ಣಿನ ತೆಳು ಬಟ್ಟಲು, ಅದರಲ್ಲಿ ಕಾಯಿಸಿ ಆರಿಸಿದ ನೀರು. ಸುತ್ತಲಿನ ಗಾಳಿ ಸೊನ್ನೆಗಿಂತ ಮೇಲಿದ್ದರೂ ಬೆಳಗಿನ ಜಾವಕ್ಕೆ ಬಟ್ಟಲಲ್ಲಿ ಐಸ್. ಆಕಾಶಕ್ಕೆ ಹೋಗುವ ಶಾಖ ಒಂದು ಕಡೆ, ಬಟ್ಟಲ ಮೈಯಿಂದ ನೀರು ಆವಿಯಾಗುವುದು ಇನ್ನೊಂದು ಕಡೆ. ಇಬ್ಬನಿ ಬಿಂದು 14 ಇರುವ ರಾತ್ರಿ ಇದನ್ನು ಮಾಡಿದರೆ ಬೆಳಿಗ್ಗೆ ಸಿಗುವುದು ತಣ್ಣೀರು. ಸಂಜೆಯ ಆರ್ದ್ರತೆ ಶೇ 40ಕ್ಕಿಂತ ಕೆಳಗಿಳಿದ ದಿನಕ್ಕೆ ಎತ್ತಿಟ್ಟುಕೊಳ್ಳಿ.

ಇಂಚುಸೆಂಟು (ಪೊನ್ನಂಪೇಟೆ)

ತೋಟ ಇಟ್ಟುಕೊಂಡು ಫ್ರಾಸ್ಟ್‌ಗೆ ಹರಕೆ ಹೊರುವವರನ್ನು ಇಲ್ಲೇ ನೋಡಿದ್ದು! 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾದ ಕಾಫಿ ಒಂದೇ ರಾತ್ರಿಯ ಫ್ರಾಸ್ಟ್‌ಗೆ ಸುಟ್ಟು ಕಪ್ಪಾಯಿತು. ಅಲ್ಲೂ ಮೊದಲು ಹೋಗುವುದು ಇದೇ ತಗ್ಗಿನ ಗಿಡಗಳು. ನಮ್ಮಲ್ಲಿ ಗದ್ದೆಯ ಅಂಚಿಗೆ ಇಳಿದು ಕಾಫಿ ಹಾಕದಿರುವುದಕ್ಕೆ ಕಾರಣ ನೀರು ನಿಲ್ಲುವುದು, ಆದರೆ ಪುಣ್ಯಕ್ಕೆ ಎರಡಕ್ಕೂ ಪರಿಹಾರ ಒಂದೇ.

ಬೆಚ್ಚಗಿನ ಚಳಿಗಾಲದ ನಿಜವಾದ ತಲೆನೋವು ಬೇರೆ. ಆ ತೇವದ ಜೊತೆ ಜನವರಿಯಲ್ಲೇ ಮಳೆ ಬಂದರೆ ಕಣದಲ್ಲಿ ಹರಡಿದ ಕಾಫಿ ಒದ್ದೆ, ಕೊಯ್ಯದ ಗಿಡದಲ್ಲಿ ಹಣ್ಣಿನ ಜೊತೆಗೇ ಹೂ. ರೋಬಸ್ಟಾಗೆ ಹೂಮಳೆ ಒಂದು ಇಂಚಾದರೂ ಬೇಕು. 30 ಸೆಂಟ್, 40 ಸೆಂಟ್ ಬಂದು ನಿಂತರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಹೊಸಬರಿಗೆ: ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಮಾಪಕ ಮಿಲಿಮೀಟರ್‌ನಲ್ಲಿದ್ದರೆ ನಾಲ್ಕರಿಂದ ಗುಣಿಸಿ, ಸುಮಾರಾಗಿ ಸೆಂಟ್ ಸಿಗುತ್ತದೆ. ಅಳೆಯುವುದು ಬೆಳಿಗ್ಗೆ 8.30ಕ್ಕೇ, ಹವಾಮಾನ ಇಲಾಖೆಯ ದಿನ ಅಲ್ಲಿಂದಲೇ ಶುರು.

ಬಿಳಿ ನೆಲ ನೋಡಲೇಬೇಕಾದರೆ ಕಾಯಬೇಕಾದದ್ದು ಆಲಿಕಲ್ಲಿಗೆ. ಶನಿವಾರಸಂತೆ, ಕೊಡ್ಲಿಪೇಟೆ ಕಡೆ ‘ಕೊಡಗಿನಲ್ಲಿ ಹಿಮ’ ಎಂದು ಓಡಾಡುವ ವಿಡಿಯೊಗಳೆಲ್ಲ ಅದೇ. ಅಳೆಯಲು ಒಂದಡಿ ಚೌಕದ, ಒಂದಿಂಚು ದಪ್ಪದ ಗಟ್ಟಿ ಫೋಮ್ ಹಾಳೆಗೆ ದಪ್ಪ ಅಲ್ಯೂಮಿನಿಯಂ ಫಾಯಿಲ್ ಸುಕ್ಕಿಲ್ಲದಂತೆ ಸುತ್ತಿ, ಹಿಂಬದಿಗೆ ಟೇಪ್ ಹಾಕಿ, ಬಯಲಲ್ಲಿ ಮಟ್ಟಸವಾಗಿ ಮೊಳೆಯಿಂದ ಕೂರಿಸಿ. ಬಿಳಿ ಥರ್ಮೊಕೋಲ್ ಬೇಡ, ಅದರ ಗುಳ್ಳೆ ಒಡೆದು ಗುಳಿಯ ಆಕಾರ ಕೆಡುತ್ತದೆ. ಕಲ್ಲು ಬಿದ್ದಲ್ಲೆಲ್ಲ ಗುಳಿ ಉಳಿಯುತ್ತದೆ. ಗುಂಡು ಗುಳಿಯಾದರೆ ನೇರ ಬಿದ್ದದ್ದು, ಉದ್ದ ಗುಳಿಯಾದರೆ ಗಾಳಿಗೆ ಓರೆ ಬಿದ್ದದ್ದು. ಹಾಳೆಯ ಉತ್ತರದ ಅಂಚಿಗೆ ಮೊದಲೇ ಗುರುತು ಹಾಕಿದ್ದರೆ ಗಾಳಿಯ ದಿಕ್ಕೂ ಸಿಗುತ್ತದೆ. ಮಳೆಮಾಪಕದಲ್ಲಿ ಕಲ್ಲು ತುಂಬಿ ನಿಂತಿದ್ದರೆ ಅಳತೆ ಮಾಡಿದ 20 ಮಿಲಿಮೀಟರ್ ಬಿಸಿನೀರು ಸುರಿದು ಕರಗಿಸಿ, ಒಟ್ಟಿನಿಂದ 20 ಕಳೆಯಿರಿ. ಫನಲ್ ಮೇಲೆ ಬಿದ್ದು ಪುಟಿದು ಹೊರಗೆ ಹೋದ ಕಲ್ಲಿಗೆ ಲೆಕ್ಕವಿಲ್ಲ, ಹಾಗಾಗಿ ಆಲಿಕಲ್ಲು ದಿನದ ಮಳೆ ಅಂಕಿ ಯಾವಾಗಲೂ ಸ್ವಲ್ಪ ಕಡಿಮೆಯೇ ಇರುತ್ತದೆ ಎಂದು ಪಕ್ಕದಲ್ಲಿ ಬರೆದಿಡಿ.

ಮಳೆಲೆಕ್ಕ (ನಾಪೋಕ್ಲು)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ 6ಕ್ಕೆ 21 ಡಿಗ್ರಿ, ಶೇ 66. ಊದುಬತ್ತಿ ಹೊಗೆ ಮಾತ್ರ ಚಪ್ಪಟೆಯಾಗಿ ಗದ್ದೆ ಕಡೆಗೇ ಹೋಯ್ತು.

ಹುಲ್ಲುಮಟ್ಟ (ಸೋಮವಾರಪೇಟೆ)

ಹಾಗಿದ್ದರೆ ಇಬ್ಬನಿ ಬಿಂದು 14.4ರ ಆಸುಪಾಸು. ಜಾಗ ಸರಿಯಿದೆ, ಗಾಳಿಯೂ ಬಿದ್ದಿದೆ, ತೇವ ಬಿಡುತ್ತಿಲ್ಲ. ಬೆಳಿಗ್ಗೆ ನಾಲ್ಕಕ್ಕೆಲ್ಲ ಅಲಾರಂ ಇಡಬೇಡಿ, ಮುಸುಕಲ್ಲದೆ ಬೇರೇನೂ ಕಾಣುವುದಿಲ್ಲ.