3+2 ಬ್ಲಿಟ್ಸ್ ಚೆಸ್: ಕಪ್ಪು ಬಂದಾಗ ಇ4ಗೆ ಏನು ಆಡುತ್ತೀರಿ?

ಬ್ಲಿಟ್ಸ್ ಟೂರ್ನಮೆಂಟ್‌ಗೆ ಹೆಸರು ಕೊಟ್ಟಿದ್ದೇನೆ. ಅಂದರೆ ವೇಗದ ಚೆಸ್: ಒಬ್ಬೊಬ್ಬರಿಗೆ 3 ನಿಮಿಷ, ಪ್ರತಿ ನಡೆಗೆ 2 ಸೆಕೆಂಡ್ ಸೇರುತ್ತದೆ. ಬಿಳಿ ಬಂದರೆ ಲಂಡನ್ ಓಪನಿಂಗ್ (ಆಟದ ಆರಂಭದ ನಡೆಗಳು) ಇದೆ, ನಡೆಯುತ್ತದೆ. ಕಪ್ಪು ಬಂದು, ಎದುರಿನವರು ಸೈನಿಕನನ್ನು ಇ4ಕ್ಕೆ ತಳ್ಳಿದರೆ ಸಿಸಿಲಿಯನ್ ಓಪನಿಂಗ್ ಆಡುತ್ತೇನೆ, ಯೋಚನೆಯಲ್ಲೇ ಟೈಮ್ ಖಾಲಿ. ಬೇರೆ ಏನಾದರೂ ಹೇಳಿ.

— ಕಾರೋ-ಕಾನ್ ಆಡಿ ಸರ್. ಸೈನಿಕರನ್ನು ಸಿ6, ಡಿ5ಕ್ಕೆ ತಳ್ಳಿ, ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರು ಇ5 ತಳ್ಳಿದರೆ ಮೊದಲು ಒಂಟೆ ಎಫ್5ಕ್ಕೆ ಬರಲಿ, ಆಮೇಲೆ ಇ6. ಉಲ್ಟಾ ಮಾಡಿದರೆ ಒಂಟೆ ಒಳಗೇ ಕೊಳೆಯುತ್ತದೆ, ಫ್ರೆಂಚ್ ಡಿಫೆನ್ಸ್ ಆಡುವವರ ಗೋಳು ಅದೇ ಅಲ್ವಾ. ಆಮೇಲೆ ಸಮಯ ನೋಡಿ ಸಿ5 ತಳ್ಳಿ ಅವರ ಸೆಂಟರ್ ಒಡೆಯಿರಿ. ಒಂದು ಕಡೆ ಮಾತ್ರ ಹುಷಾರು. ಇ4ರಲ್ಲಿ ಸೈನಿಕರ ವಿನಿಮಯ ಆಗಿ ಅವರ ಕುದುರೆ ಅಲ್ಲಿ ಕೂತಿದೆ, ನಿಮ್ಮ ಒಂದು ಕುದುರೆ ಡಿ7ರಲ್ಲಿದೆ, ಆಗ ಅವರು ರಾಣಿಯನ್ನು ಇ2ಕ್ಕೆ ಇಡುತ್ತಾರೆ. ಪೆದ್ದು ನಡೆ ತರಹ ಕಾಣುತ್ತದೆ. ನೀವು ಅಭ್ಯಾಸಬಲದಲ್ಲಿ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದರೆ ಅವರ ಕುದುರೆ ಡಿ6ಕ್ಕೆ ಬಂದು ಮೇಟ್! ಇ7 ಸೈನಿಕ ಹೊಡೆಯೋ ಹಾಗಿಲ್ಲ, ಅದರ ಹಿಂದೆ ನಿಮ್ಮ ರಾಜ, ಎದುರಿಗೆ ಅವರ ರಾಣಿ. ರಾಣಿ ಇ2ಕ್ಕೆ ಬಂದರೆ ಕೈ ತಡೆಯಿರಿ.

— ಕಾರೋ-ಕಾನ್ ನಿದ್ದೆ ಮಾತ್ರೆ. ಸ್ಟಾಫರ್ಡ್ ಗ್ಯಾಂಬಿಟ್ (ಬೇಕೆಂದೇ ಸೈನಿಕನನ್ನು ಬಿಟ್ಟುಕೊಡುವ ಓಪನಿಂಗ್) ನೋಡಿ: ಇ5, ಕುದುರೆ ಎಫ್6, ಅವರು ಇ5 ಸೈನಿಕನನ್ನು ತಿಂದರೆ ಕುದುರೆ ಸಿ6, ಅವರ ಕುದುರೆ ಅದನ್ನು ತಿಂದು, ನೀವು ಡಿ7 ಸೈನಿಕನಿಂದ ಆ ಕುದುರೆ ಹೊಡೆದ ಮೇಲೆ ಒಂಟೆ ಸಿ5. ಅವರು ಡಿ3 ಆಡಿ, ಒಂಟೆಯನ್ನು ಜಿ5ಕ್ಕೆ ತಂದು ನಿಮ್ಮ ಕುದುರೆಯನ್ನು ಕಟ್ಟಿಹಾಕಿದೆ ಅಂದುಕೊಂಡಾಗ ನೀವು ಅದೇ ಕುದುರೆಯಿಂದ ಇ4 ಹೊಡೆಯಿರಿ. ಆಸೆಪಟ್ಟು ರಾಣಿ ತಿಂದರೋ, ಎಫ್2ರಲ್ಲಿ ಒಂಟೆ ಚೆಕ್, ರಾಜ ಇ2ಕ್ಕೆ, ಜಿ4ರಲ್ಲಿ ಇನ್ನೊಂದು ಒಂಟೆ ಮೇಟ್.

— ತಿಳಿದವರ ಮುಂದೆ ಸ್ಟಾಫರ್ಡ್ ಆಡಿದರೆ ಸುಮ್ನೆ ಒಂದು ಸೈನಿಕ ಹೋಯಿತು. ಮೇಲಾಗಿ ಅವರು ಎರಡನೇ ನಡೆಯಲ್ಲಿ ಕುದುರೆ ಎಫ್3 ಆಡದಿದ್ದರೆ ನಿಮ್ಮ ಬಲೆಯೇ ಇಲ್ಲ. ಮೊಬೈಲ್‌ನಲ್ಲಿ ಆಡಿಕೊಳ್ಳಿ, ಟೂರ್ನಮೆಂಟ್‌ಗೆ ಬೇಡ. ನನ್ನ ಮತ ಕಾರೋ-ಕಾನ್‌ಗೇ.

— ಓಪನಿಂಗ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ಗಡಿಯಾರದ ಬಗ್ಗೆ ಯಾರೂ ಹೇಳಲಿಲ್ಲ. ಆನ್‌ಲೈನ್ ಆಡಿ ರೂಢಿಯಾದವರು ಬೋರ್ಡ್ ಮುಂದೆ ಕೂತಾಗ ಎಡವುವುದು ಇಲ್ಲೇ. ಕಾಯಿ ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ಎರಡೂ ಕೈಯಲ್ಲಿ ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ನಡೆಸುವುದು) ಮಾಡಿ ಗಡಿಯಾರ ಒತ್ತಿದರೆ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮದಲ್ಲಿ ಅದು ತಪ್ಪು ನಡೆ, ಎದುರಿನವರಿಗೆ 1 ನಿಮಿಷ ಜಾಸ್ತಿ ಸಿಗುತ್ತದೆ, ಎರಡನೇ ಸಲ ತಪ್ಪು ನಡೆ ಆದರೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ. ಮನೆಯಲ್ಲಿ ನಿಜವಾದ ಬೋರ್ಡ್ ಇಟ್ಟುಕೊಂಡು ಕಾರೋ-ಕಾನ್‌ನ ಮೊದಲ ನಡೆಗಳನ್ನು ಒಂದೇ ಕೈಯಲ್ಲಿ ಆಡಿ ರೂಢಿ ಮಾಡಿಕೊಳ್ಳಿ. ಅವು 2 ಸೆಕೆಂಡ್‌ ಒಳಗೆ ಬಂದರೆ ನಿಮ್ಮ 3 ನಿಮಿಷ ಹಾಗೇ ಉಳಿದಿರುತ್ತದೆ.