ಅಂಟವಾಳದ ಫೇಸ್‌ವಾಶ್ ಸೇಫಾ ಅಂತ ಸೆಲ್ (ಜೀವಕೋಶ) ಮೇಲೆ ನೋಡ್ತಿದೀನಿ, ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ

ಕೇಳಿದವರು: ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಬಯೋಟೆಕ್ ಎಮ್ಮೆಸ್ಸಿ ಕೊನೇ ಸೆಮಿಸ್ಟರ್, ಶಿವಮೊಗ್ಗ ಕಡೆಯೋಳು. ಪ್ರಾಜೆಕ್ಟಿಗೆ ಅಂಟವಾಳಕಾಯಿ ಎಕ್ಸ್‌ಟ್ರಾಕ್ಟ್ ಹಾಕಿ ಫೇಸ್‌ವಾಶ್ ಮಾಡಿದೀವಿ, ಚರ್ಮಕ್ಕೆ ಏನೂ ಆಗಲ್ಲ ಅಂತ ತೋರಿಸೋಕೆ ಎಂಟಿಟಿ, ಅಂದ್ರೆ ಸೆಲ್ ಎಷ್ಟು ಬದುಕಿವೆ ಅಂತ ಬಣ್ಣದಿಂದ ನೋಡೋ ಟೆಸ್ಟ್, ಮಾಡ್ಬೇಕು. ಪಕ್ಕದ ಲ್ಯಾಬಲ್ಲಿ ಹೆಪ್‌ಜಿ2 ಅನ್ನೋ ಲಿವರ್ ಸೆಲ್ಲು ಇತ್ತು, ಅದರಲ್ಲೇ ಒಂದು ಸಲ ಮಾಡಿದ್ವಿ, 96 ವೆಲ್ (ಗುಂಡಿ) ಇರೋ ಪ್ಲೇಟು, 24 ಗಂಟೆ, ಎಕ್ಸ್‌ಟ್ರಾಕ್ಟ್ ತೆಗೀದೇನೇ ಎಂಟಿಟಿ ಹಾಕಿ ಕೊನೆಗೆ ಎಸ್‌ಡಿಎಸ್ ಅನ್ನೋ ಸೋಪಿನಂಥ ರಾಸಾಯನಿಕ ಹಾಕಿ ಕರಗಿಸಿದ್ವಿ. ರೀಡಿಂಗ್ ನೋಡಿದ್ರೆ ಹೈ ಡೋಸಲ್ಲೂ 60-70% ಸೆಲ್ ಬದುಕಿವೆ ಅಂತ ಬಂತು. ಗೈಡ್‌ಗೆ ಖುಷಿ. ಆದ್ರೆ ಎಂಟಿಟಿ ಹಾಕೋಕೆ ಮುಂಚೆ ನಾನು ಮೈಕ್ರೋಸ್ಕೋಪಲ್ಲಿ ಇಣುಕಿದ್ದೆ, ಆ ವೆಲ್‌ಗಳಲ್ಲಿ ಒಂದು ಸೆಲ್ಲೂ ನೆಟ್ಟಗಿರಲಿಲ್ಲ, ಬರೀ ಚೂರು ತೇಲ್ತಿತ್ತು. ಯಾವುದನ್ನ ನಂಬ್ಲಿ? ಯಾವ ಸೆಲ್ ತಗೊಳ್ಳಿ? ಎರಡು ತಿಂಗಳು ಟೈಮ್ ಇದೆ.

ಇನ್‌ಕ್ಯುಬೇಟರ್ ಅಕ್ಕ

ಮೊದಲು ನಿನ್ನ ಕಣ್ಣನ್ನ ನಂಬು ತಾಯಿ. ಇಣುಕಿ ನೋಡಿದ್ಯಲ್ಲ, ಅದೇ ದೊಡ್ಡ ವಿಷ್ಯ, ನಂ ಲ್ಯಾಬಿಗೆ ಬರೋ ಹತ್ತರಲ್ಲಿ ಎಂಟು ಹುಡುಗ್ರು ಪ್ಲೇಟ್ ರೀಡರ್ ನಂಬರ್ ಬಿಟ್ಟು ಬೇರೆ ಏನನ್ನೂ ನೋಡಲ್ಲ. ನಾನು ಬೆಂಗಳೂರಲ್ಲಿ 11 ವರ್ಷದಿಂದ ಸೆಲ್ ಕಲ್ಚರ್ ಮಾಡ್ತಿದೀನಿ, ಅದರಲ್ಲಿ ಬಹುಪಾಲು ಗಿಡಮೂಲಿಕೆ ಎಕ್ಸ್‌ಟ್ರಾಕ್ಟ್‌ಗಳೇ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಎಂಟಿಟಿ ಅನ್ನೋದು ಸೆಲ್ ಎಣಿಸಲ್ಲ. 1983ರಲ್ಲಿ ಮೊಸ್‌ಮನ್ ಅನ್ನೋರು ಈ ವಿಧಾನ ಕೊಟ್ರು, ಹಳದಿ ಬಣ್ಣದ ಪುಡಿ, ಬದುಕಿರೋ ಸೆಲ್ ಒಳಗಿನ ಎನ್‌ಜೈಮುಗಳು ಅದನ್ನ ನೇರಳೆ ಹರಳು ಮಾಡ್ತವೆ, ಅದನ್ನ ಕರಗಿಸಿ 570 ನ್ಯಾನೋಮೀಟರಲ್ಲಿ ಓದೋದು. ನೇರಳೆ ಜಾಸ್ತಿ ಇದ್ರೆ ಜೀವ ಜಾಸ್ತಿ ಅಂತ ನಾವು ಅಂದ್ಕೋತೀವಿ ಅಷ್ಟೆ. ಆದ್ರೆ ಹಳದಿಯನ್ನ ನೇರಳೆ ಮಾಡೋಕೆ ಸೆಲ್ಲೇ ಬೇಕು ಅಂತೇನಿಲ್ಲ, ಪಾಲಿಫಿನಾಲ್ ಇರೋ ಕಾಯಿ, ತೊಗಟೆ, ಎಲೆ ಯಾವುದರ ರಸಾನೂ ಆ ಕೆಲಸ ಮಾಡತ್ತೆ. ನಾವು ಯಾವುದನ್ನ ಆಂಟಿಆಕ್ಸಿಡೆಂಟ್ ಅಂತ ಹೊಗಳ್ತೀವೋ ಅದೇ ಗುಣ ಇಲ್ಲಿ ಮೋಸ ಮಾಡೋದು. ಮೇಲೆ ನೀನು ಎಕ್ಸ್‌ಟ್ರಾಕ್ಟನ್ನ ತೆಗೀದೇ ಹಾಗೇ ಬಿಟ್ಟಿದೀಯ, ಅದರ ಕಂದು ಬಣ್ಣಾನೂ ರೀಡಿಂಗ್‌ಗೆ ಸೇರಿರತ್ತೆ. ಒಂದು ಕೆಲಸ ಮಾಡು, ಸೆಲ್ಲೇ ಹಾಕ್ದೆ ಬರೀ ಮೀಡಿಯಾಗೆ (ಸೆಲ್ ಬೆಳೆಸೋ ಪೋಷಕ ದ್ರವ) ಎಕ್ಸ್‌ಟ್ರಾಕ್ಟ್ ಎಲ್ಲಾ ಡೋಸಲ್ಲೂ ಹಾಕಿ, ಎಂಟಿಟಿ ಹಾಕಿ, ಅಷ್ಟೇ ಹೊತ್ತು 37 ಡಿಗ್ರಿಯಲ್ಲಿ ಇಡು. ಅರ್ಧ ದಿನದ ಕೆಲಸ. ನೇರಳೆ ಬಂದ್ರೆ ನಿನ್ನ 60-70% ಎಲ್ಲಿಂದ ಬಂತು ಅಂತ ಗೊತ್ತಾಗತ್ತೆ. ಜೊತೆಗೆ ಎಂಟಿಟಿ ಇಲ್ದೆ ಬರೀ ಎಕ್ಸ್‌ಟ್ರಾಕ್ಟ್ ಇರೋ ವೆಲ್‌ಗಳನ್ನೂ ಓದು, ಬಣ್ಣದ ಪಾಲು ಎಷ್ಟು ಅಂತ ಬೇರೆ ಮಾಡ್ಬಹುದು.

ಇನ್ನು ಸೆಲ್ ಯಾಕೆ ಚೂರಾಯ್ತು ಅನ್ನೋದು. ಅಂಟವಾಳದ ನೊರೆ ಎಲ್ಲಿಂದ ಬರತ್ತೆ, ಸಪೋನಿನ್ನಿಂದ. ರೇಷ್ಮೆ ಸೀರೆ, ಒಡವೆಯ ಜಿಡ್ಡು ಬಿಡಿಸೋ ಅದೇ ಸಪೋನಿನ್ನು ಸೆಲ್ಲಿನ ಕೊಬ್ಬಿನ ಪೊರೆಯನ್ನೂ ತೂತು ಮಾಡತ್ತೆ, ರಕ್ತದ ಕೆಂಪು ಕಣಗಳನ್ನ ಒಡೆಯೋದಕ್ಕೆ ಸಪೋನಿನ್ ಮೊದಲಿಂದ್ಲೂ ಹೆಸರುವಾಸಿ. ಪ್ಲಾಸ್ಟಿಕ್ ತಳದ ಮೇಲೆ ಒಂದೇ ಪದರ ಬೆಳೆದಿರೋ ಸೆಲ್ ಮೇಲೆ 24 ಗಂಟೆ ಸೋಪಿನಂಥದ್ದನ್ನ ಸುರಿದಿಟ್ರೆ ಇನ್ನೇನಾಗತ್ತೆ? ಮಕ್ಕಳ ಮೃದು ಶಾಂಪೂ ಹಾಕಿದ್ರೂ ಸಾಯ್ತವೆ. ಅದಕ್ಕೇ ಆ ಸಾವನ್ನ ನೋಡಿ ಅಂಟವಾಳ ವಿಷ ಅಂತ ಬರೆಯೋದೂ ತಪ್ಪು, ನಿನ್ನ ನಂಬರ್ ನೋಡಿ ಸೇಫ್ ಅಂತ ಬರೆಯೋದೂ ತಪ್ಪು. ನಮ್ಮ ಮುಖದಲ್ಲಿ ಬದುಕಿರೋ ಸೆಲ್ಲುಗಳ ಮೇಲೆ ಸತ್ತ ಸೆಲ್ಲಿನ ಗಟ್ಟಿ ಹೊದಿಕೆ ಇದೆ, ಮೇಲಾಗಿ ಫೇಸ್‌ವಾಶ್ ಇರೋದು ಒಂದು ನಿಮಿಷ, ತೊಳೆದುಬಿಡ್ತೀವಿ. ನಿನ್ನ ಪ್ಲೇಟಲ್ಲಿ ಹೊದಿಕೆಯೂ ಇಲ್ಲ, ತೊಳೆಯೋದೂ ಇಲ್ಲ.

ಈ ವ್ಯತ್ಯಾಸಕ್ಕೆ ಅಂತಲೇ ಕೃತಕ ಚರ್ಮದ ಮಾಡೆಲ್ ಬಂದಿದ್ದು. ಮನುಷ್ಯರ ಚರ್ಮದ ಸೆಲ್ಲುಗಳನ್ನ ಪೊರೆಯ ಮೇಲೆ, ಮೇಲ್ಭಾಗ ಗಾಳಿಗೆ ತೆರೆದಿರೋ ಹಾಗೆ ಬೆಳೆಸ್ತಾರೆ, ಕೆಳಗಿಂದ ಮೀಡಿಯಾ ಕುಡೀತಾ ಮೇಲೆ ನಿಜವಾದ ಚರ್ಮದ ಥರ ಪದರ ಪದರ ಕಟ್ಟಿ ಒಣ ಹೊದಿಕೆ ಮಾಡ್ಕೊಳ್ತವೆ. ಎಪಿಡರ್ಮ್, ಎಪಿಸ್ಕಿನ್ ಅಂತ ಹೆಸರು ಕೇಳಿರ್ತೀಯ. ಓಇಸಿಡಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ 439ನೇ ಗೈಡ್‌ಲೈನ್, 2010ರದ್ದು, ಇದರ ಮೇಲೇ ನಿಂತಿದೆ. ಮಾಡೆಲ್ ಪ್ರಕಾರ ಸ್ವಲ್ಪ ಹೊತ್ತು, ಎಪಿಸ್ಕಿನ್ ಆದ್ರೆ 15 ನಿಮಿಷ, ಎಪಿಡರ್ಮ್ ಆದ್ರೆ 60 ನಿಮಿಷ ವಸ್ತು ಹಚ್ಚಿ, ತೊಳೆದು, 42 ಗಂಟೆ ಬಿಟ್ಟು ಆಮೇಲೆ ಎಂಟಿಟಿ. 50% ಅಥವಾ ಅದಕ್ಕಿಂತ ಕಮ್ಮಿ ಉಳಿದ್ರೆ ಉರಿ ತರಿಸೋ ವಸ್ತು ಅಂತ ಲೆಕ್ಕ. ಪಾಸಿಟಿವ್ ಕಂಟ್ರೋಲ್, ಅಂದ್ರೆ ಖಂಡಿತ ಉರಿ ತರಿಸತ್ತೆ ಅಂತ ಗೊತ್ತಿರೋದು, 5% ಎಸ್‌ಡಿಎಸ್. ನಾನು ಮೇಲೆ ಹೇಳಿದ ಮೋಸ ಅಲ್ಲೂ ಇದೆ ಅಂತ ಅವ್ರಿಗೆ ಗೊತ್ತು, ಹಾಗಾಗಿ ವಸ್ತು ತಾನಾಗೇ ಎಂಟಿಟಿ ಬಣ್ಣ ತಿರುಗಿಸತ್ತಾ ಅಂತ ಮೊದಲೇ ನೋಡ್ಬೇಕು, ತಿರುಗಿಸಿದ್ರೆ ಫ್ರೀಜ್ ಮಾಡಿ ಸಾಯಿಸಿದ ಚರ್ಮದ ತುಂಡಿನ ಮೇಲೂ ಅದೇ ಪ್ರಯೋಗ ಮಾಡಿ ಅಷ್ಟು ಕಳೀಬೇಕು.

ದುಡ್ಡು ಜಾಸ್ತಿ, ಎಮ್ಮೆಸ್ಸಿ ಪ್ರಾಜೆಕ್ಟಿಗೆ ಕಷ್ಟ, ಗೊತ್ತು. ಆಗದಿದ್ರೆ ಹೆಪ್‌ಜಿ2 ಬಿಟ್ಟು ಹಾಕ್ಯಾಟ್ ತಗೋ. ಅದು ಚರ್ಮದ ಮೇಲ್ಪದರದ ಸೆಲ್ಲು, ಕೆರಾಟಿನೋಸೈಟ್, ಜರ್ಮನಿಯಲ್ಲಿ ದೊಡ್ಡವರ ಚರ್ಮದಿಂದ ಬಂದು ತಾನಾಗೇ ಅಮರ ಆಗಿದ್ದು (ನಿಲ್ಲದೇ ಬೆಳೀತಾನೇ ಇರತ್ತೆ), 1988ರಿಂದ ಎಲ್ಲರೂ ಬಳಸ್ತಿದಾರೆ. ಹೊದಿಕೆ ಇಲ್ಲ ಅನ್ನೋ ಕೊರತೆ ಅದಕ್ಕೂ ಇದೆ, ಆದ್ರೆ ಕನಿಷ್ಠ ಅಂಗ ಸರಿ. 24 ಗಂಟೆ ಜೊತೆಗೆ 5 ನಿಮಿಷ, 15 ನಿಮಿಷ ಹಾಕಿ ಬಫರಲ್ಲಿ (ಸೆಲ್ಲಿಗೆ ಹಾನಿ ಮಾಡದ ಉಪ್ಪು ನೀರು) ಎರಡು ಸಲ ತೊಳೆದು ಹೊಸ ಮೀಡಿಯಾ ಕೊಟ್ಟು ಮರುದಿನ ಓದು. ತೊಳೆಯೋದ್ರಿಂದ ಎಂಟಿಟಿ ಮೋಸಾನೂ ಬಹಳ ಕಮ್ಮಿ ಆಗತ್ತೆ. ಪಕ್ಕದಲ್ಲಿ ಅಂಗಡಿಯಿಂದ ತಂದ ಮಾಮೂಲಿ ಫೇಸ್‌ವಾಶ್ ಒಂದನ್ನ ಅಷ್ಟೇ ಪಟ್ಟು ನೀರು ಮಾಡಿ ಹಾಕು, ಆಗ ನಿಂದು ಅದಕ್ಕಿಂತ ಮೃದುವೋ ಒರಟೋ ಅಂತ ಹೇಳೋಕೆ ಬಾಯಿ ಬರತ್ತೆ. ಪೊರೆ ಒಡೆದಿದ್ಯಾ ಅಂತ ನೇರವಾಗಿ ನೋಡೋಕೆ ಎಲ್‌ಡಿಎಚ್ ಕಿಟ್, ಒಡೆದ ಸೆಲ್ಲಿಂದ ಹೊರಗೆ ಸೋರಿದ ಎನ್‌ಜೈಮ್ ಅಳೆಯತ್ತೆ. ಒಂದೇ ಅಳತೆ ಮೇಲೆ ನಿಲ್ಲಬೇಡ, ಎರಡು ಬೇರೆ ದಾರಿಯಲ್ಲಿ ಒಂದೇ ಉತ್ತರ ಬಂದ್ರೆ ಮಾತ್ರ ಬರಿ.

ಹೆಪ್‌ಜಿ2 ಯಾಕೆ ಬೇಡ ಅಂದ್ರೆ ಅದು ಲಿವರ್ ಗಡ್ಡೆಯ ಸೆಲ್ಲು. ಮುಖ ತೊಳೆದ ಸೋಪಿಗೂ ಲಿವರ್‌ಗೂ ಏನು ಸಂಬಂಧ. ಕುಡಿಯೋ ಕಷಾಯ ಆಗಿದ್ರೂ ನಾನು ಯೋಚ್ನೆ ಮಾಡ್ತಿದ್ದೆ, ಯಾಕಂದ್ರೆ ನಿಜವಾದ ಲಿವರಲ್ಲಿ ವಸ್ತುಗಳನ್ನ ಬದಲಾಯಿಸೋ ಸೈಟೋಕ್ರೋಮ್ ಎನ್‌ಜೈಮುಗಳು ಅದರಲ್ಲಿ ತುಂಬಾ ಕಮ್ಮಿ. ಪ್ಯಾರಾಸಿಟಮಾಲ್ ಜಾಸ್ತಿಯಾದ್ರೆ ಲಿವರ್ ಹಾಳಾಗೋದು ಪ್ಯಾರಾಸಿಟಮಾಲ್‌ನಿಂದ ಅಲ್ಲ, ಆ ಎನ್‌ಜೈಮು ಅದನ್ನ ಮುರಿದು ಮಾಡೋ ಇನ್ನೊಂದರಿಂದ. ಎನ್‌ಜೈಮೇ ಅಷ್ಟು ಕಮ್ಮಿ ಇರೋ ಸೆಲ್ಲಿಗೆ ಆ ವಿಷ ಸರಿಯಾಗಿ ಕಾಣೋದೇ ಇಲ್ಲ.

ಧಾರವಾಡ ಮಂದಿ

ಅಕ್ಕಾರು ಹೇಳಿದ್ದು ಖರೇ ಐತಿ. ನಾ ಒಂದs ಮಾತು ಸೇರಸ್ತೀನಿ, ಮೈಕೋಪ್ಲಾಸ್ಮಾ ಅನ್ನೋ ಭಾಳ ಸಣ್ಣ ಬ್ಯಾಕ್ಟೀರಿಯಾ ಐತೇನು ಅಂತ ಟೆಸ್ಟ್ ಮಾಡ್ರಿ. ಪಕ್ಕದ ಲ್ಯಾಬಿಂದ ಸೆಲ್ ಇಸ್ಕೊಂಡ್ ಬರೋದು ಅಂದ್ರ ಅವರ ರೋಗಾನೂ ಇಸ್ಕೊಂಡ್ ಬಂದಂಗ. ನಂದು ಪಿಎಚ್‌ಡಿ ಎರಡ್ನೇ ವರ್ಷದಾಗ ಮೂರು ತಿಂಗಳ ಡೇಟಾ ಪೂರ್ತಿ ಹೋತು. ಬ್ಯಾರೆ ಬ್ಯಾಕ್ಟೀರಿಯಾ ಬಂದ್ರ ಮೀಡಿಯಾ ಮಬ್ಬಾಗತೈತಿ, ಹಳದಿ ತಿರಗತೈತಿ, ಗೊತ್ತಾಗತೈತಿ. ಇದು ಬಂದ್ರ ಏನೂ ಕಾಣಂಗಿಲ್ಲ, ಮೀಡಿಯಾ ಫಳಫಳ ಇರತೈತಿ, 0.2 ಮೈಕ್ರಾನ್ ಫಿಲ್ಟರಿನ್ಯಾಗೂ ನುಸುಳಿ ಹೋಗತೈತಿ, ಸೆಲ್ಲಿಗೆ ಗೋಡಿ ಇಲ್ಲದ್ದಕ್ಕ ಪೆನಿಸಿಲಿನ್ನಿಗೂ ಜಗ್ಗಂಗಿಲ್ಲ. ಸೆಲ್ಲು ಸ್ವಲ್ಪ ನಿಧಾನ ಬೆಳೀತಾವ, ಎಂಟಿಟಿ ನಂಬರ್ ವಾರಕ್ಕೊಂದು ಬರತಾವ, ಕೈ ಸರಿ ಇಲ್ಲೇನೋ ಅಂತ ನಮ್ಮನ್ನs ನಾವು ಬೈಕೋತ ಕುಂದರ್ತೀವಿ. ಕಡೀಕ ಡಿಎನ್‌ಎ ಹೊಳಿಯೋ ಹೋಕ್ಸ್ಟ್ ಬಣ್ಣ ಹಾಕಿ ನೋಡಿದ್ರ ನ್ಯೂಕ್ಲಿಯಸ್ ಹೊರಗ ಎಲ್ಲಾ ಕಡೆ ಸಣ್ಣ ಸಣ್ಣ ಚುಕ್ಕಿ, ರಾಗಿ ಚೆಲ್ಲಿದಂಗ. ಅವತ್ತು ಸಂಜಿ ಊಟ ಸೇರ್ಲಿಲ್ಲ ನನಗ. ಎಲ್ಲಾ ಫ್ಲಾಸ್ಕ್ ಬ್ಲೀಚಿಗೆ ಹಾಕಿ, ಇನ್‌ಕ್ಯುಬೇಟರ್ ತೊಳದು, ಪುಣೆದ ಎನ್‌ಸಿಸಿಎಸ್ ಅನ್ನೋ ಸಂಸ್ಥೆಯ ಸೆಲ್ ಭಂಡಾರದಿಂದ ಹೊಸಾದು ತರಸಿ ಮೊದಲಿಂದ ಸುರು ಮಾಡಿದೆ.

ಇನ್ನೊಂದು, ಪ್ಲೇಟಿನ ಅಂಚಿನ ವೆಲ್ಲಿನ್ಯಾಗ ಸ್ಯಾಂಪಲ್ ಹಾಕಬ್ಯಾಡ್ರಿ, ನೀರು ಆರಿ ಡೋಸ್ ಗಟ್ಟಿ ಆಗತೈತಿ. ಸುತ್ತಲೂ ಬರೇ ಬಫರ್ ಹಾಕಿ ನಡುವಿನ 60 ಅಷ್ಟs ಬಳಸ್ರಿ. ಬ್ಯಾಸಗಿ ಕರೆಂಟ್ ಹೋದ ದಿನದ ಪ್ಲೇಟ್ ಇದ್ರ ಅದನ್ನ ಲೆಕ್ಕಕ್ಕ ತಗೋಬ್ಯಾಡ್ರಿ.

ಟೆಸ್ಟಿಂಗ್ ಲ್ಯಾಬ್ ಕೆಲಸ

ನಾನು ಮೆಡಿಕಲ್ ಡಿವೈಸ್, ಕಾಸ್ಮೆಟಿಕ್ ಟೆಸ್ಟ್ ಮಾಡೋ ಕಡೆ ಇದೀನಿ. ನಿಮ್ಮ ರಿಪೋರ್ಟಲ್ಲಿ ಯಾವ ಪದ ಬಳಸ್ತೀರಿ ಅನ್ನೋದು ನೋಡ್ಕೊಳಿ. ಮೆಡಿಕಲ್ ಡಿವೈಸಿಗಿರೋ ಐಎಸ್‌ಒ 10993-5 ಪ್ರಕಾರ ಡಿವೈಸನ್ನ ನೆನೆಸಿ ತೆಗೆದ ರಸವನ್ನ ಎಲ್929 ಇಲಿ ಸೆಲ್ ಮೇಲೆ ಹಾಕ್ತೀವಿ, 70%ಕ್ಕಿಂತ ಕೆಳಗೆ ಹೋದ್ರೆ ಸೆಲ್ಲಿಗೆ ಹಾನಿ ಮಾಡೋ ಸಾಧ್ಯತೆ ಇದೆ ಅಂತ ಬರೀತೀವಿ, ಮನುಷ್ಯರಿಗೆ ವಿಷ ಅಂತ ಯಾವತ್ತೂ ಬರೆಯಲ್ಲ. ತುಂಬಾ ಹುಡುಗ್ರು ಆ 70% ಗೆರೆಯನ್ನ ತಂದು ಕ್ರೀಮಿಗೆ, ಕಷಾಯಕ್ಕೆ ಎಲ್ಲಾದಕ್ಕೂ ಹಾಕಿ ಸೇಫ್ ಅಂತಾರೆ. ಅದು ಡಿವೈಸಿಗೆ ಎಳೆದ ಗೆರೆ.

ಪ್ರಾಣಿ ಮೇಲೆ ಮಾಡ್ಬಹುದಲ್ಲ ಅಂತ ವೈವಾದಲ್ಲಿ ಯಾರಾದ್ರೂ ಕೇಳಿದ್ರೆ, ನಮ್ಮ ದೇಶದಲ್ಲಿ 2014ರಿಂದ ಕಾಸ್ಮೆಟಿಕನ್ನ ಪ್ರಾಣಿ ಮೇಲೆ ಟೆಸ್ಟ್ ಮಾಡೋ ಹಾಗಿಲ್ಲ, ಹಾಗೆ ಮಾಡಿದ್ದನ್ನ ಹೊರಗಿಂದ ತರೋ ಹಾಗೂ ಇಲ್ಲ. ಹೊಸ ಔಷಧದ ನಿಯಮಕ್ಕೂ 2023ರಲ್ಲಿ ತಿದ್ದುಪಡಿ ಬಂದು ಆರ್ಗನಾಯ್ಡ್ (ಸೆಲ್ಲಿಂದ ಬೆಳೆಸಿದ ಪುಟ್ಟ ಅಂಗ), ಆರ್ಗನ್ ಚಿಪ್ (ಅಂಗದ ಕೆಲಸ ಅನುಕರಿಸೋ ಚಿಪ್) ಇವಕ್ಕೆಲ್ಲ ಜಾಗ ಸಿಕ್ಕಿದೆ. ಮೊಲದ ಕಣ್ಣಿಗೆ ಶಾಂಪೂ ಬಿಟ್ಟು ಎಷ್ಟು ಕೆಂಪಾಯ್ತು ಅಂತ ಅಂಕ ಕೊಡೋ ಡ್ರೇಜ್ ಟೆಸ್ಟ್ 1944ರದ್ದು, ನನ್ನ ಸೀನಿಯರ್ ಒಬ್ರು ಕೆಲಸ ಶುರು ಮಾಡಿದ ಕಾಲದಲ್ಲಿ ಅದನ್ನ ಕೈಯಾರೆ ಮಾಡಿದೋರು, ಆ ಮಾತು ಬಂದ್ರೆ ಈಗಲೂ ಸುಮ್ಮನಾಗಿಬಿಡ್ತಾರೆ. ಇವತ್ತು ಕೃತಕ ಕಾರ್ನಿಯಾ ಇದೆ, ಓಇಸಿಡಿ 492. ನಿಮ್ಮ ಸಾಮಾನಿಗೆ ಕಣ್ಣಿನ ಟೆಸ್ಟ್ ಚರ್ಮಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಎಣ್ಣೆ ನೀರು ಹಾಕ್ಕೊಳೋವಾಗ ಅಜ್ಜಿ ಅಂಟವಾಳದ ನೊರೆ ಹಚ್ಚಿ ಕಣ್ಣು ಮುಚ್ಕೋ ಮುಚ್ಕೋ ಅಂತ ಕೂಗ್ತಿದ್ದಿದ್ದು ನೆನಪಿದ್ಯಲ್ಲ, ಅದು ಕಣ್ಣಿಗೆ ಬಿದ್ರೆ ಎಷ್ಟು ಉರಿಯತ್ತೆ ಅಂತ ನಮಗೆಲ್ಲ ಗೊತ್ತು. ಲೇಬಲ್ ಮೇಲೆ ಕಣ್ಣಿಗೆ ತಾಕಿಸಬೇಡಿ ಅನ್ನೋ ಸಾಲು ಈಗ್ಲೇ ಬರೆದಿಡಿ.

ಚಾಂಗ್ ಲಿವರ್ ಸಂತ್ರಸ್ತ

ನಾರ್ಮಲ್ ಸೆಲ್ ಜೊತೆ ಹೋಲಿಸಿ ಅಂತ ಯಾರಾದ್ರೂ ಚಾಂಗ್ ಲಿವರ್, ಇಂಟ್ 407, ಡಬ್ಲ್ಯುಆರ್‌ಎಲ್ 68 ಅನ್ನೋ ಸೆಲ್ ಲೈನ್ ಕೊಟ್ರೆ ಕೈ ಮುಗಿದು ವಾಪಸ್ ಕೊಡಿ. ಎಲ್ಲಾ ಹೀಲಾ ನೇ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನೋ ತಾಯಿಯ ಗರ್ಭಕೊರಳಿನ ಕ್ಯಾನ್ಸರಿಂದ, ಆಕೆಯನ್ನ ಕೇಳದೇ ತೆಗೆದ ಸೆಲ್ಲು, ಎಷ್ಟು ಜೋರಾಗಿ ಬೆಳೆಯತ್ತೆ ಅಂದ್ರೆ ಬೇರೆ ಲೈನ್‌ಗಳಿಗೆ ಸೇರಿ ಅವನ್ನ ನುಂಗಿಹಾಕಿದೆ. ನಾನು ಒಂದೂವರೆ ವರ್ಷ ಅದನ್ನ ನಾರ್ಮಲ್ ಲಿವರ್ ಅಂತ ಬಳಸಿ ಪೇಪರ್ ಕಳಿಸಿದ್ದೆ, ರಿವ್ಯೂವರ್ ಒಂದೇ ಸಾಲಲ್ಲಿ ವಾಪಸ್ ಕಳಿಸಿದ್ರು. ಅವ್ರು ಮಾಡಿದ್ದು ಸರಿ. ಎಸ್‌ಟಿಆರ್ ಪ್ರೊಫೈಲ್ (ಸೆಲ್ಲಿನ ಡಿಎನ್‌ಎ ಗುರುತು) ಕಾಗದ ಇಲ್ದೆ ಯಾವ ಸೆಲ್ಲನ್ನೂ ಮುಟ್ಟಬೇಡಿ.

ಕಾಂಗ್ರೆಸ್ ಗಿಡದ ಅಲರ್ಜಿ

ನಾನು ವಿಜ್ಞಾನದೋಳಲ್ಲ, ನಮ್ಮೆಜಮಾನ್ರಿಗೆ ಪಾರ್ಥೇನಿಯಂ ಅಲರ್ಜಿ, ಹದಿನೈದು ವರ್ಷದಿಂದ ಕತ್ತು ಮುಖ ಎಲ್ಲಾ ದಪ್ಪ ಚರ್ಮ ಆಗಿದೆ, ಅದಕ್ಕೆ ಕೇಳ್ತಿದೀನಿ. ಸೆಲ್ ಸಾಯಲಿಲ್ಲ ಅಂದ್ರೆ ಅಲರ್ಜಿನೂ ಬರಲ್ಲ ಅಂತ ಅರ್ಥಾನಾ?

ಇನ್‌ಕ್ಯುಬೇಟರ್ ಅಕ್ಕ

ಇಲ್ಲಮ್ಮ, ಖಂಡಿತ ಅಲ್ಲ, ಮತ್ತೆ ಇದು ನಾನೇ ಹೇಳ್ಬೇಕಿತ್ತು. ಉರಿ ಬೇರೆ, ಅಲರ್ಜಿ ಬೇರೆ. ಕಾಂಗ್ರೆಸ್ ಗಿಡದ ಪಾರ್ಥೆನಿನ್ ನಮ್ಮ ಚರ್ಮದ ಪ್ರೋಟೀನಿಗೆ ಅಂಟ್ಕೊಳತ್ತೆ, ದೇಹ ಅದನ್ನ ಶತ್ರು ಅಂತ ನೆನಪಿಟ್ಕೊಳತ್ತೆ, ಸೆಲ್ ಸಾಯೋ ಅಷ್ಟು ಡೋಸ್ ಅದಕ್ಕೆ ಬೇಕಿಲ್ಲ. ಅದಕ್ಕೆ ಬೇರೆಯದೇ ಸೆಲ್ ಟೆಸ್ಟ್‌ಗಳಿವೆ, ಕೆರಾಟಿನೋಸೆನ್ಸ್ ಅಂತ, ವಸ್ತು ಹಾಗೆ ಪ್ರೋಟೀನಿಗೆ ಅಂಟ್ಕೊಂಡ್ರೆ ಮಿಂಚುಹುಳದ ಎನ್‌ಜೈಮ್ ತಯಾರಾಗೋ ಹಾಗೆ ಮಾಡಿರೋ ಚರ್ಮದ ಸೆಲ್ಲು, ಬೆಳಕು ಅಳೆದು ಗೊತ್ತು ಮಾಡ್ಕೋತಾರೆ. ಅದೂ ಒಂದರಿಂದ ತೀರ್ಮಾನ ಮಾಡಲ್ಲ, ಇನ್ನೆರಡು ಟೆಸ್ಟ್ ಜೊತೆ ಸೇರಿಸಿ ನೋಡ್ತಾರೆ. ತುಂಗಾತೀರ, ನಿನ್ನ ಥೀಸಿಸಲ್ಲಿ ಅಲರ್ಜಿ ನೋಡಿಲ್ಲ ಅಂತ ಒಂದು ಸಾಲು ಸ್ಪಷ್ಟವಾಗಿ ಬರಿ. ಇಂಥವ್ರು ಓದ್ತಾರೆ ಅದನ್ನ.

ತುಂಗಾತೀರ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿನ್ನೆ ಸೆಲ್ ಇಲ್ದಿರೋ ಪ್ಲೇಟ್ ಹಾಕಿದೆ. ಮೂರು ಗಂಟೆ ಆದ್ಮೇಲೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದ್ರೆ ಹೈ ಡೋಸ್ ಸಾಲು ಪೂರ್ತಿ ನೇರಳೆ, ನೇರಳೆಹಣ್ಣು ಹಿಚುಕಿದ ಹಾಗೆ, ಒಂದು ಸೆಲ್ಲೂ ಇಲ್ಲದ ವೆಲ್‌ಗಳು. ಕೆಳಗೆ ಬರ್ತಾ ಬರ್ತಾ ತಿಳಿಯಾಗಿ ಕೊನೇ ಎರಡು ಸಾಲು ಹಳದಿ. ಫೋಟೋ ತೆಗೆದು ಗೈಡ್‌ಗೆ ತೋರಿಸಿದೆ, ಐದು ನಿಮಿಷ ಸುಮ್ಮನೆ ನೋಡಿದ್ರು, ಆಮೇಲೆ ಹಳೇ ಗ್ರಾಫ್ ತೆಗೆದುಹಾಕು ಅಂದ್ರು. ಹಾಕ್ಯಾಟ್‌ಗೆ ಎನ್‌ಸಿಸಿಎಸ್‌ಗೆ ಬರೀತಿದೀವಿ, ಎಸ್‌ಟಿಆರ್ ಕಾಗದಾನೂ ಕೇಳಿದೀನಿ. ಅದು ಬರೋವರೆಗೆ 5 ನಿಮಿಷ ಹಾಕಿ ತೊಳೆಯೋ ಪ್ರೋಟೋಕಾಲನ್ನ ಇರೋ ಸೆಲ್ ಮೇಲೇ ಅಭ್ಯಾಸ ಮಾಡ್ತೀನಿ, ತೊಳೆಯೋವಾಗ ಸೆಲ್ ಕಿತ್ಕೊಂಡು ಬರದ ಹಾಗೆ ಪಿಪೆಟ್ ಗೋಡೆಗೆ ಆನಿಸಿ ಹಾಕೋದು ಇನ್ನೂ ಕೈಗೆ ಕೂತಿಲ್ಲ.