ಸಹಾಯ ಬೇಕು: ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಟರ್ಬೊ ಒತ್ತಡ ಉಳಿಯುತ್ತಿಲ್ಲ

ಹುಬ್ಬಳ್ಳಿಯಲ್ಲಿ ಹಳೆಯ 1.8 ಲೀಟರ್ ಟರ್ಬೊ (ಒತ್ತಡದಲ್ಲಿ ಗಾಳಿ ತುಂಬುವ ಭಾಗ) ಇರುವ ಪೆಟ್ರೋಲ್ ಎಂಜಿನ್ ಬಲ್ಲ ಮೆಕ್ಯಾನಿಕ್ ಯಾರಿದ್ದಾರೆ? ನನ್ನದು 20 ವಾಲ್ವ್‌ಗಳ, 150 ಅಶ್ವಶಕ್ತಿಯ ಕಾರು. ಧಾರವಾಡ ಬೈಪಾಸ್‌ನಲ್ಲಿ ಮೂರನೇ ಗೇರಿನಲ್ಲಿ ಜೋರಾಗಿ ತುಳಿದರೆ ಕ್ಷಣಕಾಲ ಎಳೆಯುತ್ತದೆ, ಬಳಿಕ ಬುಸ್ಸೆಂಬ ಸದ್ದು, ಶಕ್ತಿ ಮಾಯ. ನಿಧಾನವಾಗಿ ಓಡಿಸಿದರೆ ಸಾಧು ಎತ್ತು. ಸ್ಕ್ಯಾನರ್ ತೋರಿಸಿದ ದೋಷಸಂಕೇತ ಪಿ1297, ಅಂದರೆ ಟರ್ಬೊ ಮತ್ತು ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಾಗಿಲು) ನಡುವೆ ಒತ್ತಡ ಸೋರಿಕೆ.

ಒಬ್ಬರು ನೋಡಿದ ಕೂಡಲೇ ಟರ್ಬೊ ಬದಲಿಸಿ ಎಂದರು. ನಾನು ಒಪ್ಪಲಿಲ್ಲ: ಟರ್ಬೊ ಕೆಟ್ಟಾಗ ಕಾಣುವಂಥ ನೀಲಿ ಹೊಗೆಯಿಲ್ಲ, ಎಂಜಿನ್ ಆಯಿಲ್ ಇಳಿಯುತ್ತಿಲ್ಲ. ಡೈವರ್ಟರ್ ವಾಲ್ವಿನ (ಕಾಲು ತೆಗೆದಾಗ ಹೆಚ್ಚುವರಿ ಒತ್ತಡ ಬಿಡುವ ಕವಾಟ) ಪೊರೆ ಹರಿದಿರಬೇಕು, ಇಲ್ಲವೇ ಟರ್ಬೊ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನ ರಬ್ಬರ್ ಕೊಳವೆ ಬಿರಿದಿರಬೇಕು ಎಂಬ ಗುಮಾನಿ. ಹೊಗೆ ಹಾಯಿಸಿ ಸೋರಿಕೆ ಹುಡುಕುವ ಯಂತ್ರ ಇಲ್ಲಿ ಯಾರ ಬಳಿಯಾದರೂ ಇದೆಯೇ, ಬೆಳಗಾವಿಗೇ ಹೋಗಬೇಕೇ?

ಸೋರಿಕೆ ನಿಂತ ಮೇಲೆ ಶಕ್ತಿ ಹೆಚ್ಚಿಸಲು ಇಸಿಯು (ಎಂಜಿನ್ನಿನ ಕಂಪ್ಯೂಟರ್) ರೀಮ್ಯಾಪ್, ಅಂದರೆ ಅದರ ತಂತ್ರಾಂಶ ಬದಲಾವಣೆ, ಮಾಡಿಸುವ ಆಸೆ. ಹೆಚ್ಚಿದ ಶಕ್ತಿಯನ್ನು ಹಳೆಯ ಕ್ಲಚ್ ತಡೆದೀತೇ? ಮಾಡಿಸಿದವರು ಖರ್ಚಿನ ಸಮೇತ ತಿಳಿಸಿ.